ಉತ್ತರ ಎಂದೇ ಬರೆದಿತ್ತು

ಗುರುಲಿಂಗಯ್ಯನಿಗೆ ಮೊದಲು ಕೈಕೊಟ್ಟ ಶಬ್ದ ಸೀತಾಫಲ. ಸೇಡಂ ಬಸ್‌ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸಿನ ಮುಂದೆ ನಿಂತು, ಹಣ್ಣೊಂದನ್ನು ಕೈಗೆತ್ತಿಕೊಂಡು, ಅದರ ಹೆಸರು ಹೇಳಲು ಬಾಯಿ ತೆರೆದ. ಹೆಸರು ಬರಲಿಲ್ಲ. ಅದರ ರುಚಿ ಗೊತ್ತಿತ್ತು, ಒಳಗಿನ ಕರಿಬೀಜ ಗೊತ್ತಿತ್ತು, ಚಿಂಚೋಳಿಯ ಅಡವಿಯಿಂದ ಅದು ಯಾವ ತಿಂಗಳು ಬರುತ್ತದೆಂಬುದೂ ಗೊತ್ತಿತ್ತು. ಹೆಸರೊಂದೇ ಇಲ್ಲ. "ಇವು ಒಂದು ಆರು ಹಾಕವಾ" ಎಂದು ಕೊಂಡು ಹೊರಟ. ಮನೆಯ ಹೊಸ್ತಿಲು ದಾಟುವಾಗ ಶಬ್ದ ತಾನಾಗಿಯೇ ಬಂದು ನಾಲಿಗೆಯ ಮೇಲೆ ಕುಳಿತಿತು. ನಕ್ಕು ಸುಮ್ಮನಾದ. ಆಗ ಅವನಿಗೆ ಎಪ್ಪತ್ತನಾಲ್ಕು.

ಬೇರೆಯವರಿಗಾದರೆ ಇದು ನಕ್ಕು ಮರೆಯುವ ಸಂಗತಿ. ಆದರೆ ಗುರುಲಿಂಗಯ್ಯ ಬದುಕಿದ್ದೇ ಶಬ್ದಗಳ ಮೇಲೆ. ಅವನ ಅಪ್ಪ ನಿಜಾಮರ ಕಾಲದಲ್ಲಿ ಗಿರದಾವರ, ಅಂದರೆ ಕಂದಾಯದ ಹೊಲ ತಪಾಸಿಸುವ ಅಧಿಕಾರಿ, ಆಗಿದ್ದವರು. ಆ ಕಾಲದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿ, ಅದೂ ಶಿಕಸ್ತಾ ಎಂಬ ಓಡುವ ಕೈಬರಹದಲ್ಲಿ. ಚುಕ್ಕಿ ಇಡಬೇಕಾದಲ್ಲಿ ಚುಕ್ಕಿಯಿಲ್ಲ, ಅಕ್ಷರ ಬಿಡಿಸಬೇಕಾದಲ್ಲಿ ಒಂದೇ ಗೆರೆ. ಮದರಸಾದಲ್ಲಿ ಓದಿದವರೂ ಅದನ್ನು ನೋಡಿ ಕೈಚೆಲ್ಲುತ್ತಿದ್ದರು. ಅಪ್ಪ ಅದನ್ನು ಮಗನಿಗೆ ಎಂಟನೆಯ ವಯಸ್ಸಿನಿಂದಲೇ ಕಲಿಸಿದ್ದರು. ಮುಂದೆ ಐವತ್ತು ವರ್ಷ ಗುರುಲಿಂಗಯ್ಯ ಸೇಡಂ ತಹಶೀಲ್ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು, ಸುತ್ತಲಿನ ಹಳ್ಳಿಗಳ ಹಳೆಯ ಪತ್ರಗಳನ್ನು ಓದಿ ಕನ್ನಡದಲ್ಲಿ ತರ್ಜುಮೆ ಬರೆದುಕೊಟ್ಟ. ಅಣ್ಣತಮ್ಮಂದಿರು ಕೊಡಲಿ ಹಿಡಿದು ಬಂದು, ಅವನು ಓದಿದ ಮೇಲೆ ಸುಮ್ಮನೆ ಎದ್ದು ಹೋದದ್ದುಂಟು. "ಅಯ್ನೋರು ಓದ್ಯಾರ" ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಸೀತಾಫಲದ ಹಿಂದೆ ಬೇರೆ ಶಬ್ದಗಳೂ ಹೋಗತೊಡಗಿದವು. ಹೆಚ್ಚಾಗಿ ಹೆಸರುಗಳು. ಎದುರಿನ ಚಹಾದಂಗಡಿಯವನ ಹೆಸರು, ಮಗ ಕಾಶೀನಾಥ ಕೆಲಸ ಮಾಡುವ ವಾಡಿ ಜಂಕ್ಷನ್ನಿನ ಹೆಸರು, ಒಮ್ಮೆ ಚಷ್ಮಾ ಎಂಬ ಶಬ್ದವೇ. "ಅದು... ಕಣ್ಣಿಗಿ ಹಾಕ್ಕೊಳ್ಳೂದು" ಎನ್ನುತ್ತಿದ್ದ. ಹೆಂಡತಿ ನಾಗರತ್ನಾ ಅವನ ಮಾತು ತಡೆದಲ್ಲೆಲ್ಲ ಬೇಕಾದ ಶಬ್ದವನ್ನು ಕೇಳಿಯೂ ಕೇಳಿಸದಂತೆ ನಡುವೆ ಇಟ್ಟುಬಿಡುತ್ತಿದ್ದಳು. ಬಂದ ಕಕ್ಷಿಗಾರರ ಹೆಸರು ನೆನಪಾಗದಿದ್ದರೆ ಅವನು "ನಿಮ್ಮ ಹೆಸರು ನೀವs ಒಂದು ಚೀಟಿ ಮ್ಯಾಲೆ ಬರೀರಿ, ಅಕ್ಷರ ತಪ್ಪಬಾರದು" ಎನ್ನುತ್ತಿದ್ದ. ಅವರು ಅದನ್ನು ಅವನ ಶಿಸ್ತು ಎಂದುಕೊಂಡರು.

ಕಾಶೀನಾಥ ಮಾತ್ರ ಗಮನಿಸಿದ. ಎರಡು ವರ್ಷದ ಮೇಲೆ, ಸಂಕ್ರಾಂತಿ ಮುಗಿದ ವಾರ, ಅಪ್ಪನನ್ನು ಕಲಬುರಗಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಸಿದರು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತವೋ ಅಷ್ಟು ಹೇಳಿ ಎಂದರು. ಗುರುಲಿಂಗಯ್ಯ ಎಮ್ಮೆ, ಹೋರಿ, ತೋಳ, ನರಿ ಎಂದು ಹೊರಟು ಹನ್ನೊಂದಕ್ಕೆ ನಿಂತ. ಗಡಿಯಾರ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು.

"ಈ ವಯಸ್ಸಿನಾಗ ಇದು ಆಗೂದೇ" ಎಂದರು ಡಾಕ್ಟರು. "ತಿಳುವಳಿಕಿ ಹೋಗಂಗಿಲ್ಲ, ಹೆಸರು ಜರಾ ತಡಾ ಮಾಡಿ ಬರ್ತಾವ. ಮರತದ್ದು ನಿಮಗ ಮರತೀನಿ ಅಂತ ಗೊತ್ತಾಗತದಲ್ರಿ, ಅಲ್ಲೀತನಕ ಫಿಕರ್ ಬ್ಯಾಡ. ಒಂದು ಶಬ್ದದ ಜಾಗಾದಾಗ ಇನ್ನೊಂದು ಬಂದು, ಅದು ತಪ್ಪು ಅಂತ ನಿಮಗs ತಿಳೀಲಿಲ್ಲಂದ್ರ, ಆವಾಗ ಬರ್ರಿ."

ಗುರುಲಿಂಗಯ್ಯ ಹಗುರಾಗಿ ಮನೆಗೆ ಬಂದ. ತನಗೆ ತಿಳಿಯದೆ ತನ್ನ ಬಾಯಲ್ಲಿ ಬೇರೆ ಶಬ್ದ ಬರುವುದುಂಟೆ? ಅದು ಹುಚ್ಚರ ಮಾತಾಯಿತು ಎಂದುಕೊಂಡ.

ಅದಾದ ತಿಂಗಳಿಗೆ, ಶಿವರಾತ್ರಿಯ ಹಿಂದುಮುಂದಿನ ದಿನಗಳಲ್ಲಿ, ಹೊಳೆಹಂಗರಗಿಯಿಂದ ಚಂದಮ್ಮ ಬಂದಳು. ಹೊಳೆಹಂಗರಗಿ ಕಾಗಿಣಾ ದಂಡೆಯ ಚಿಕ್ಕ ಊರು. ಚಂದಮ್ಮನ ಗಂಡನ ಮನೆಯವರು ಹಿಂದೆ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವರು. ಸೇತುವೆ ಬಂದ ಮೇಲೆ ಹೊಲಕ್ಕೆ ಇಳಿದವರು. ಗಂಡ ತೀರಿ ಆರು ವರ್ಷವಾಗಿತ್ತು. ಮಗ ಭಾಗಣ್ಣನೂ ಅವಳೂ ಕೂಡಿ ಬದನೆ, ಹೀರೆ, ಸೊಪ್ಪು ಬೆಳೆದು ಸೇಡಂ ಸಂತೆಗೆ ತರುತ್ತಿದ್ದರು. ಅವಳ ಜೊತೆಯಲ್ಲೇ, ಅದೇ ಟಂಟಂನಲ್ಲಿ, ಪಕ್ಕದ ಹೊಲದ ಗೊಲ್ಲಾಳಪ್ಪನೂ ಬಂದಿದ್ದ. ಇಬ್ಬರ ನಡುವೆ ಇನ್ನೂ ಜಗಳವಾಗಿರಲಿಲ್ಲ, ಆಗಬಾರದೆಂದೇ ಬಂದಿದ್ದರು.

ಸಂಗತಿ ಇಷ್ಟು. ಅವರ ಎರಡೂ ಹೊಲ ಒಂದು ಕಾಲಕ್ಕೆ ಒಂದೇ ಆಗಿತ್ತು. ಯಾರೋ ದೇಸಾಯರು ಅದನ್ನು ನಡುವೆ ಕಡಿದು, ಉತ್ತರದ ತುಂಡನ್ನು ಚಂದಮ್ಮನ ಗಂಡನ ಅಜ್ಜನಿಗೂ ದಕ್ಷಿಣದ ತುಂಡನ್ನು ಗೊಲ್ಲಾಳಪ್ಪನ ಅಜ್ಜನಿಗೂ ಬರೆದುಕೊಟ್ಟಿದ್ದರು. ಬಾವಿ ಸರಿಯಾಗಿ ಬದುವಿನ ಮೇಲೆ ಇತ್ತು. ಹಿರಿಯರು ಇರುವವರೆಗೆ ಇಬ್ಬರೂ ಸೇದಿದರು. ಈಗ ಬೇಸಿಗೆಯಲ್ಲಿ ನೀರು ಇಬ್ಬರಿಗೆ ಸಾಲುತ್ತಿರಲಿಲ್ಲ. ಬಾವಿ ಯಾರ ಹಿಸ್ಸೆಗೆ ಸೇರಿದ್ದೆಂದು ಫಸಲಿ ೧೩೫೨ರ, ಅಂದರೆ ೧೯೪೩ರ ಸುಮಾರಿನ, ಆ ಪತ್ರದಲ್ಲಿ ಬರೆದಿದೆ, ಅದರಂತೆ ನಡೆಯೋಣ ಎಂದು ಇಬ್ಬರೂ ಒಪ್ಪಿದ್ದರು.

"ನಮ್ಮ ಅತ್ತಿ ಸಾಯೂತನಕ ಬಾಂವಿ ನಮ್ದs ಅಂತಿದ್ದಳ್ರಿ" ಎಂದಳು ಚಂದಮ್ಮ. "ಆದ್ರ ಓದಾಕ ಆಕೀಗೂ ಬರ್ತಿರಲಿಲ್ಲ, ನನಗೂ ಬರಂಗಿಲ್ಲ. ನೀವು ಹೇಳಿದ್ದು ಖರೆ."

"ನಂದೂ ಅದೇ ಮಾತ್ರಿ ಅಯ್ನೋರs" ಎಂದ ಗೊಲ್ಲಾಳಪ್ಪ.

ಗುರುಲಿಂಗಯ್ಯ ಮಡಿಕೆಗಳಲ್ಲಿ ಸೀಳಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿದ. ಕೈಬರಹ ಅವನಿಗೆ ಪರಿಚಿತ, ಅಪ್ಪನ ಜೊತೆಯವರದೇ ಇರಬೇಕು. ಸಲೀಸಾಗಿ ಓದಿದ. ದೇಸಾಯರ ಹೆಸರು, ಊರು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ, ಆಮೇಲೆ ಬಾವಿಯ ಸಾಲು. ಓದುತ್ತ ಓದುತ್ತಲೇ ಕನ್ನಡದಲ್ಲಿ ಬರೆದ. ಬಾವಿಯು ದಕ್ಷಿಣದ ಹಿಸ್ಸೆಗೆ ಸೇರತಕ್ಕದ್ದು. ಬರೆದುದನ್ನು ಇಬ್ಬರಿಗೂ ಕೇಳುವಂತೆ ಓದಿ ಹೇಳಿದ.

ಚಂದಮ್ಮ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದಳು. "ಕಾಗದದಾಗ ಹಂಗ ಇದ್ರ ನಾವೇನು ಅನ್ನೂದದ" ಎಂದಳು. ಅದೇ ದಿನ ಇಬ್ಬರೂ ರಾಜಿಪತ್ರಕ್ಕೆ ಹೆಬ್ಬೆಟ್ಟು, ಸಹಿ ಹಾಕಿ ಕಚೇರಿಯಲ್ಲಿ ಕೊಟ್ಟರು. ಗುರುಲಿಂಗಯ್ಯ ತನ್ನ ರೂಢಿಯಂತೆ ಮೂಲಪತ್ರದ್ದೂ ತರ್ಜುಮೆಯದೂ ಒಂದೊಂದು ಝೆರಾಕ್ಸ್ ತನ್ನ ಕಟ್ಟಿನಲ್ಲಿ ಇಟ್ಟುಕೊಂಡ. ಒಂದು ಜಗಳ ಆಗದಂತೆ ತಪ್ಪಿಸಿದೆನೆಂಬ ಸಮಾಧಾನದಲ್ಲಿ ಅಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದ.

ಮೇ ತಿಂಗಳಲ್ಲಿ ಮನೆಯ ಪಡಸಾಲೆಗೆ ಒಂದು ಕಿಟಕಿ ಮಾಡಿಸಬೇಕೆಂದು ಗೌಂಡಿ ಧರ್ಮಣ್ಣನನ್ನು ಕರೆಸಿದರು. ಸೆಕೆ ತಾಳಲಾಗುತ್ತಿರಲಿಲ್ಲ. ಬೇವಿನ ಮರ ಇರುವ ಉತ್ತರದ ಕಡೆಗೆ ಕಿಟಕಿ ಇಟ್ಟರೆ ಗಾಳಿ ಬರುತ್ತದೆ ಎಂದು ಮನೆಯಲ್ಲಿ ಮಾತಾಗಿತ್ತು. ಬೆಳಿಗ್ಗೆ ಧರ್ಮಣ್ಣನಿಗೆ ಕೆಲಸ ಹೇಳಿ ಗುರುಲಿಂಗಯ್ಯ ಪೂಜೆಗೆ ಕುಳಿತ. ಎದ್ದು ಬಂದು ನೋಡಿದರೆ ಬೀದಿಯ ಕಡೆಯ ಗೋಡೆಯಲ್ಲಿ, ಬಿಸಿಲು ನೇರ ಬೀಳುವಲ್ಲಿ, ದೊಡ್ಡ ತೂತು. ಶಹಾಬಾದ್ ಕಲ್ಲಿನ ಚಪ್ಪಡಿಗಳು ಒಡೆದು ಕೆಳಗೆ ಬಿದ್ದಿದ್ದವು.

"ಏನು ಮಾಡಿದ್ಯೋ ಇದು? ಆ ಕಡಿ ಒಡೀ ಅಂದ್ರ ಈ ಕಡಿ ಒಡದೀಯಲ್ಲ" ಎಂದು ರೇಗಿದ.

ಧರ್ಮಣ್ಣ ಸುತ್ತಿಗೆ ಕೆಳಗಿಟ್ಟ. "ನೀವು ದಕ್ಷಿಣದ ಗ್ವಾಡಿ ಅಂದ್ರಿ ಅಯ್ನೋರs. ಎರಡು ಸರ್ತಿ ಕೇಳೀನಿ. ಎರಡು ಸರ್ತೀನೂ ದಕ್ಷಿಣs ಅಂದ್ರಿ."

"ಸುಳ್ಳು ಹೇಳಬ್ಯಾಡ. ನಾ ಉತ್ತರ ಅಂದೀನಿ."

ಅಡುಗೆಮನೆಯ ಬಾಗಿಲಲ್ಲಿ ನಾಗರತ್ನಾ ನಿಂತಿದ್ದಳು. ಅವಳ ಮುಖ ನೋಡಿ ಗುರುಲಿಂಗಯ್ಯ ಮಾತು ನಿಲ್ಲಿಸಿದ. ಅವಳು ಧರ್ಮಣ್ಣನಿಗೆ ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿ, ಮೆಲ್ಲಗೆ ಹೇಳಿದಳು. "ಅವನ ತಪ್ಪಿಲ್ರಿ. ನೀವು ದಕ್ಷಿಣ ಅಂದದ್ದು ನಾನೂ ಕೇಳೀನಿ. ಬಾಯಿತಪ್ಪಿ ಅಂದೀರಿ, ಆಮ್ಯಾಲೆ ತಿದ್ಕೋತೀರಿ ಅಂತ ಸುಮ್ಮ ಇದ್ದೆ."

ಗುರುಲಿಂಗಯ್ಯ ಆ ತೂತಿನ ಎದುರು ನಿಂತೇ ಇದ್ದ. ತಾನು ಉತ್ತರ ಎಂದದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಆ ಶಬ್ದವನ್ನು ಉಚ್ಚರಿಸಿದ್ದು ತನ್ನ ಕಿವಿಯಲ್ಲೇ ಕೇಳಿದಂತೆ ಇತ್ತು. ಇಬ್ಬರು ಕೇಳಿದವರು ಬೇರೆಯೇ ಹೇಳುತ್ತಿದ್ದಾರೆ. ಡಾಕ್ಟರ ಮಾತು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಉತ್ತರ, ದಕ್ಷಿಣ ಎಂಬ ಶಬ್ದಗಳನ್ನು ತಾನು ಬರೆಯುತ್ತ ಬಂದದ್ದು ಕಿಟಕಿಗಾಗಿ ಅಲ್ಲ. ಪ್ರತಿಯೊಂದು ಚಕ್ಕುಬಂದಿಯಲ್ಲೂ ನಾಲ್ಕು ದಿಕ್ಕಿನ ಶಬ್ದಗಳಿರುತ್ತವೆ.

ಒಳಗೆ ಹೋಗಿ, ಮನೆಗೆ ತಂದಿಟ್ಟಿದ್ದ ಆ ವರ್ಷದ ಝೆರಾಕ್ಸಿನ ಕಟ್ಟು ಬಿಚ್ಚಿದ. ಉತ್ತರ ದಕ್ಷಿಣದ ಮೇಲೆಯೇ ನಿಂತಿದ್ದ ಹೊಳೆಹಂಗರಗಿಯ ಪತ್ರವನ್ನು ಮೊದಲು ಹುಡುಕಿ ತೆಗೆದ. ಬಾವಿಯ ಸಾಲಿನ ಮೇಲೆ ಬೆರಳಿಟ್ಟ. ಶಿಮಾಲ. ಕಣ್ಣಿಗೆ ಕಾಣುತ್ತಿದ್ದದ್ದು ಶಿಮಾಲ. ಶಿಮಾಲ ಎಂದರೆ ಉತ್ತರ, ಜುನೂಬ ಎಂದರೆ ದಕ್ಷಿಣ, ಎಂಟನೆಯ ವಯಸ್ಸಿನಿಂದ ಗೊತ್ತಿದ್ದದ್ದು. ತರ್ಜುಮೆಯ ಪ್ರತಿಯಲ್ಲಿ ತನ್ನದೇ ಕೈಬರಹದಲ್ಲಿ ದಕ್ಷಿಣ ಎಂದಿತ್ತು. ಅವನು ಒಂದಾದ ಮೇಲೊಂದು ಎರಡನ್ನೂ ನೋಡಿದ. ನಾಲ್ಕೈದು ಸಲ ನೋಡಿದ ಮೇಲೆ ಯಾವುದು ಸರಿಯೆಂಬುದೇ ಕಲಸಿಹೋಯಿತು. ಐವತ್ತು ವರ್ಷದಲ್ಲಿ ಮೊದಲ ಸಲ, ತಾನು ಓದಿದ್ದನ್ನು ಇನ್ನೊಬ್ಬರಿಂದ ಓದಿಸಿ ನೋಡಬೇಕಾಗಿ ಬಂತು.

ಅಂಥವರು ಒಬ್ಬರೇ ಇದ್ದರು. ಚಿತ್ತಾಪುರದ ಉರ್ದು ಶಾಲೆಯಲ್ಲಿ ಕಲಿಸುವ ರುಕ್ಸಾರ್. ಹಿಂದೊಮ್ಮೆ ತನ್ನ ಅಜ್ಜನ ಕಾಗದ ಓದಿಸಲು ಬಂದವಳು, ಆ ಬರಹವನ್ನೇ ಕಲಿಸಿಕೊಡಿ ಎಂದು ಕೇಳಿ ಕೆಲವು ತಿಂಗಳು ಭಾನುವಾರ ಬಂದು ಕುಳಿತಿದ್ದಳು. ಗುರುಲಿಂಗಯ್ಯ ಮರುದಿನ ಪ್ಯಾಸೆಂಜರ್ ರೈಲಿಗೆ ಚಿತ್ತಾಪುರಕ್ಕೆ ಹೋದ. ಕಾರಣ ಹೇಳದೆ ಝೆರಾಕ್ಸ್ ಮುಂದಿಟ್ಟು, "ಈ ಸಾಲು ಓದು ನೋಡೂಣು" ಎಂದ.

ಅವಳು ಪರೀಕ್ಷೆಯೆಂದುಕೊಂಡು ನಿಧಾನವಾಗಿ ಓದಿದಳು. ದೇಸಾಯರ ಹೆಸರಲ್ಲಿ ತಡವರಿಸಿದಳು, ಅದನ್ನು ಅವನೇ ಬಿಡಿಸಿ ಹೇಳಿದ. ಆಮೇಲೆ, "ಚಾಹ್... ಬಾಂವಿ... ಹಿಸ್ಸಾ-ಎ-ಶಿಮಾಲ್. ಉತ್ತರದ ಪಾಲಿಗಿ" ಎಂದಳು.

"ಜುನೂಬ ಅಂತ ಓದಲಿಕ್ಕೆ ಬರಂಗಿಲ್ಲೇನು? ಚುಕ್ಕಿ ಇಲ್ಲಲ್ಲ."

"ಇಲ್ಲ ಚಾಚಾ. ಎರಡೂ ಒಂದರಂಗ ಒಂದು ಕಾಣಂಗೇ ಇಲ್ಲ. ಇದರಾಗ ಕಣ್ಣು ತಪ್ಪೂಹಂಗಿಲ್ಲ."

ಗುರುಲಿಂಗಯ್ಯ ತರ್ಜುಮೆಯ ಪ್ರತಿಯನ್ನು ತೆಗೆದು ಪಕ್ಕದಲ್ಲಿಟ್ಟ. ಅವಳು ಓದಿದಳು, ಕೆಳಗಿನ ಸಹಿ ನೋಡಿದಳು, ಅವನ ಮುಖ ನೋಡಿದಳು. "ಕಣ್ಣು ತಪ್ಪಿಲ್ಲ ಬೇಟಾ, ನನ್ನೊಳಗs ತಪ್ಪ್ಯದ" ಎಂದು ಅವನೇ ಹೇಳಿದ.

ಮನೆಯಲ್ಲಿ ಮಾತು ಸುಲಭವಾಗಿರಲಿಲ್ಲ. ಕಾಶೀನಾಥ ಡ್ಯೂಟಿ ಮುಗಿಸಿ ಬಂದವನು ಎಲ್ಲ ಕೇಳಿ ಊಟದ ತಾಟು ಸರಿಸಿದ.

"ನಾಳಿಂದ ಶೆಡ್ಡಿಗಿ ಹೋಗಬ್ಯಾಡ್ರಿ. ಮೇಜು ಮನಿಗಿ ತರಸ್ತೀನಿ. ಅಷ್ಟೇ ಸಾಕು."

"ಆ ಹೆಣಮಗಳ ಬಾಂವಿ?"

"ಇಬ್ಬರೂ ಒಪ್ಪಿ ಸಹಿ ಮಾಡ್ಯಾರ. ಯಾರೂ ತಕರಾರು ಮಾಡಿಲ್ಲ. ನೀವs ಹೋಗಿ ನನ್ನ ತಲಿ ಸರಿ ಇಲ್ಲ ಅಂತ ಊರಿಗೆಲ್ಲ ಹೇಳ್ತೀರೇನು? ಐವತ್ತು ವರ್ಷ ಓದಿದ್ದು ಎಲ್ಲಾ ಸುಳ್ಳು ಅಂತಾರ, ಅಪ್ಪಾ. ಅಜ್ಜನ ಹೆಸರೂ ಹೋಗತದ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾಗರತ್ನಾಳೂ ಮಗನ ಕಡೆಗೇ ಇದ್ದಳು. "ವಯಸ್ಸಾಗ್ಯದ, ಎಲ್ಲಾರಿಗೂ ಆಗತದ. ಗಪ್ಪ ಕುಂದ್ರಿ" ಎಂದಳು. ಗುರುಲಿಂಗಯ್ಯನಿಗೂ ಗಪ್ಪ ಕೂರುವ ಆಸೆ ಇಲ್ಲದಿರಲಿಲ್ಲ. ನಾಲ್ಕು ದಿನ ಕುಳಿತ ಕೂಡ. ಆ ನಾಲ್ಕು ದಿನ ಅವನು ಸರಿಯಾಗಿ ಮಾತಾಡಲಿಲ್ಲ. ಉಪ್ಪು ಕೇಳುವ ಮೊದಲೂ, ತಾನು ಹೇಳಲಿರುವ ಶಬ್ದ ಉಪ್ಪೇ ಹೌದೋ ಎಂದು ಒಳಗೇ ನೋಡಿಕೊಳ್ಳುತ್ತಿದ್ದ. ಹೇಳಿದ ಮೇಲೆ ಎದುರಿನವರ ಮುಖ ನೋಡುತ್ತಿದ್ದ. ಐದನೆಯ ದಿನ ನಾಗರತ್ನಾ ಎಣ್ಣೆ ತರಲು ಹೋದಾಗ ಚಪ್ಪಲಿ ಮೆಟ್ಟಿಕೊಂಡು ಹೊಳೆಹಂಗರಗಿಯ ಟಂಟಂ ಹತ್ತಿದ.

ಚಂದಮ್ಮ ಹೊಲದಲ್ಲೇ ಸಿಕ್ಕಳು. ಬದನೆಯ ಗಿಡಗಳು ನಿಂತಲ್ಲೇ ಒಣಗಿ ಕಡ್ಡಿಯಾಗಿದ್ದವು, ಅವಳು ಅವನ್ನು ಉರುವಲಿಗೆಂದು ಕಿತ್ತು ಹೊರೆ ಕಟ್ಟುತ್ತಿದ್ದಳು. ಆಚೆ ಬದುವಿನಲ್ಲಿ ಬಾವಿಗೆ ಹೊಸ ತಂತಿಬೇಲಿ, ಬೇಲಿಗೆ ಗೇಟು, ಗೇಟಿಗೆ ಕೀಲಿ. ಅದರಾಚೆ ಗೊಲ್ಲಾಳಪ್ಪನ ಕಬ್ಬು ಮೊಣಕಾಲೆತ್ತರ ಹಸಿರಾಗಿತ್ತು. ಭಾಗಣ್ಣ ಕೋಡ್ಲಾದ ಕಡೆ ಸಿಮೆಂಟ್ ಚೀಲ ತುಂಬುವ ಕೆಲಸಕ್ಕೆ ಹೋಗತೊಡಗಿ ಎರಡು ತಿಂಗಳಾಗಿತ್ತು. ಅಂದು ರಜೆಯೆಂದು ಅವನೂ ಅಲ್ಲಿದ್ದ.

"ಬರ್ರಿ ಅಯ್ನೋರs, ನೆಳ್ಳಿಗಿ ಕುಂದ್ರಿ" ಎಂದಳು ಚಂದಮ್ಮ. ಅವನು ಕೂರಲಿಲ್ಲ. ಕುಳಿತರೆ ಹೇಳುವುದು ಇನ್ನೂ ಕಷ್ಟವಾಗುತ್ತದೆಂದು ನಿಂತೇ ಹೇಳಿದ.

"ಆ ಕಾಗದದಾಗ ಬಾಂವಿ ನಿಮ್ದು ಅಂತs ಅದವಾ. ಉತ್ತರ ಅಂತ ಬರದದ. ನಾ ದಕ್ಷಿಣ ಅಂತ ಓದಿದೆ. ನನ್ನ ಬಾಯಾಗ ಈಗೀಗ ಒಂದರ ಬದಲಿ ಇನ್ನೊಂದು ಬರಾಕತ್ತಾದ, ನನಗs ಗೊತ್ತಾಗಂಗಿಲ್ಲ."

ಭಾಗಣ್ಣ ಹೊರೆ ಬಿಟ್ಟು ಎದ್ದ. "ಗೊತ್ತಾಗಂಗಿಲ್ಲಂದ್ರ ಯಾಕ ಓದಬೇಕಿತ್ರಿ? ಒಂದು ಬ್ಯಾಸಿಗಿ ಬೆಳಿ ಹೋಯ್ತು. ಧೂಳಾಗ ನಿಂತು ನನ್ನ ಎದಿ ಹಿಡಕೊಂಡದ. ಮರತೀನಿ ಅಂತ ಹೇಳಿದ್ರ ಆಯ್ತೇನು?"

"ಆಗಂಗಿಲ್ಲ" ಎಂದ ಗುರುಲಿಂಗಯ್ಯ.

ಚಂದಮ್ಮ ಮಗನನ್ನು ತಡೆಯಲೂ ಇಲ್ಲ, ಅವನ ಮಾತಿಗೆ ದನಿಗೂಡಿಸಲೂ ಇಲ್ಲ. ಒಣಗಿದ ಗಿಡವನ್ನು ಕೈಯಲ್ಲಿ ಹಿಡಿದೇ ಕೇಳಿದಳು. "ಹಂಗಾರ ನಮ್ಮ ಅತ್ತಿ ಹೇಳಿದ್ದು ಖರೆ ಇತ್ತs?"

"ಖರೆ ಇತ್ತು."

"ಈ ಮೂರು ತಿಂಗಳು ಆಕೀಗಿ ಸುಳ್ಳಿ ಅಂದೀನ್ರಿ. ಸತ್ತಾಕಿಗಿ. ಸುಳ್ಳು ಹೇಳಿ ನಮಗ ಊರ ಮುಂದ ಮಾರಿ ತಗ್ಗಿಸೂಹಂಗ ಮಾಡಿದಿ ಅಂತ ಬೈದೀನಿ." ಹೀಗೆಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಗುರುಲಿಂಗಯ್ಯ ಬಾವಿಯ ಸಂಗತಿ ಯೋಚಿಸಿದ್ದ, ಬೆಳೆಯ ಸಂಗತಿ ಯೋಚಿಸಿದ್ದ. ಇದನ್ನು ಯೋಚಿಸಿರಲಿಲ್ಲ.

ಆ ವಾರ ತಹಶೀಲ್ ಕಚೇರಿಯಲ್ಲಿ ಲಿಖಿತ ಹೇಳಿಕೆ ಕೊಟ್ಟ. ಅದನ್ನು ಬರೆಯುವಾಗ ರುಕ್ಸಾರ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡ, ಪ್ರತಿ ಸಾಲನ್ನೂ ಅವಳಿಂದ ಓದಿಸಿ ಕೇಳಿದ. ತಹಶೀಲ್ದಾರರು ಎರಡೂ ಕಡೆಯವರನ್ನು ಕರೆಸಿದರು. ಐವತ್ತು ವರ್ಷ ಅವನ ಮಾತಿಗೆ ತಲೆದೂಗಿದ ಗುಮಾಸ್ತರು, ಬಾಂಡ್ ಬರೆಯುವವರು ಬಾಗಿಲಲ್ಲಿ ನಿಂತಿದ್ದರು. ಗುರುಲಿಂಗಯ್ಯ ಇದ್ದದ್ದನ್ನು ಇದ್ದಂತೆ ಹೇಳಿದ. ಕಿಟಕಿಯ ಸಂಗತಿಯನ್ನೂ ಹೇಳಿದ.

ಗೊಲ್ಲಾಳಪ್ಪ ಕೈಮುಗಿದು ಎದ್ದ. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಕಬ್ಬು ನೆಟ್ಟಾಗಿತ್ತು.

"ಸಾಹೇಬ್ರs, ನಾ ಕಾಗದದ ಮಾತಿಗಿ ಒಪ್ಪಿದಾಂವ. ಆವತ್ತು ಅಯ್ನೋರು ದಕ್ಷಿಣ ಅಂದ್ರು, ನಂಬಿದೆ. ಇವತ್ತು ಉತ್ತರ ಅಂತಾರ. ಒಂದರ ಬದಲಿ ಇನ್ನೊಂದು ಬರ್ತದಂತ ಅವರs ಹೇಳಾಕತ್ತಾರ. ಹಂಗಿದ್ರ ಇವತ್ತು ಬಂದದ್ದು ಸರಿ, ಆವತ್ತಿಂದು ತಪ್ಪು ಅಂತ ಹೆಂಗ ಹೇಳೂದ್ರಿ?"

ಬಾಗಿಲಲ್ಲಿ ಯಾರೋ ನಕ್ಕರು. ಗೊಲ್ಲಾಳಪ್ಪ ಕೇಳಿದ್ದು ನ್ಯಾಯವೆಂದೇ ಗುರುಲಿಂಗಯ್ಯನಿಗೂ ಅನಿಸಿತು. ತನ್ನ ಮಾತು ಇನ್ನು ಮೇಲೆ ಯಾವುದಕ್ಕೂ ಸಾಕ್ಷಿಯಾಗದು, ತನ್ನ ತಪ್ಪಿಗೂ ಸಾಕ್ಷಿಯಾಗದು. ರುಕ್ಸಾರ್ ಎದ್ದು ತಾನೂ ಓದಿದ್ದೇನೆ ಎಂದಳು. ಇವರೇ ಅಲ್ಲವೇ ನಿನಗೆ ಕಲಿಸಿದ್ದು ಎಂದು ಯಾರೋ ಕೇಳಿದರು. ಕೊನೆಗೆ ತಹಶೀಲ್ದಾರರು ಮೂಲಪತ್ರವನ್ನು ಸರ್ಕಾರಿ ತರ್ಜುಮೆಗೆ ಕಳಿಸಿದರು.

ಅದು ಬರಲು ದೀಪಾವಳಿ ಕಳೆಯಿತು. ಉತ್ತರ ಎಂದೇ ಬಂತು. ಗೊಲ್ಲಾಳಪ್ಪ ಯಾರೂ ಹೇಳುವ ಮೊದಲೇ ಕೀಲಿ ತೆಗೆದು ಚಂದಮ್ಮನ ಕೈಗೆ ಕೊಟ್ಟನಂತೆ. ಕಬ್ಬಿಗೆ ಒಂದಿಷ್ಟು ನೀರು ಬಿಡೆಂದು ಕೇಳಿದನಂತೆ, ಅವಳು ಬಿಟ್ಟಳಂತೆ. ಭಾಗಣ್ಣ ಮಾತ್ರ ಹೊಲಕ್ಕೆ ಮರಳಲಿಲ್ಲ. ಬಾವಿ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು ಎಂದು ಹೇಳಿ ಚೀಲ ತುಂಬುತ್ತಲೇ ಉಳಿದ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮೂವತ್ತು ವರ್ಷದ ಹಿಂದೆ ಅವನ ಓದಿನಿಂದ ಸೋತವರೂ ಕಾಗದ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಒಬ್ಬ ಹೆಂಗಸು ಹೊಸ್ತಿಲ ಮೇಲೆ ಮಣ್ಣು ತೂರಿ ಹೋದಳು. ಕಾಶೀನಾಥ ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಶೆಡ್ಡಿನಲ್ಲಿದ್ದ ಕಾಗದದ ಕಟ್ಟುಗಳನ್ನೆಲ್ಲ ಆಟೋದಲ್ಲಿ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. "ಹೋದ ಎರಡು ವರ್ಷದವು ಬ್ಯಾರೆ ಇಟ್ಟೀನಿ. ನೋಡ್ರಿ" ಎಂದ.

ಗುರುಲಿಂಗಯ್ಯನೂ ರುಕ್ಸಾರ್‌ಳೂ ಭಾನುವಾರಗಳಲ್ಲಿ ಕುಳಿತು ಆ ಎರಡು ವರ್ಷದ ಪತ್ರಗಳನ್ನು ಮತ್ತೆ ಓದಿದರು. ವಿಚಿತ್ರವೆಂದರೆ ಅವನ ಓದು ಇನ್ನೂ ಅವಳಿಗಿಂತ ಚುರುಕಾಗಿತ್ತು. ಅವಳು ಬಿಡಿಸಲಾಗದ ಗಂಟನ್ನು ಒಂದೇ ನೋಟಕ್ಕೆ ಬಿಡಿಸುತ್ತಿದ್ದ. ಆದರೆ ಬಿಡಿಸಿದ ಶಬ್ದವನ್ನು ಬಾಯಿಂದ ಹೇಳದೆ ಬೆರಳಿನಿಂದ ತೋರಿಸುತ್ತಿದ್ದ, ಹೇಳುವವಳು ಅವಳು. ಅರವತ್ತೆರಡು ಪತ್ರಗಳಲ್ಲಿ ಇನ್ನೂ ಮೂರು ತಪ್ಪು ಸಿಕ್ಕವು. ಎರಡು ಸಣ್ಣವು, ಸಂಬಂಧಪಟ್ಟವರಿಗೆ ತಿಳಿಸಿ ತಿದ್ದಿಸಿದ. ಮೂರನೆಯದು ಆಡಕಿಯ ಅಂಬರಾಯನದು.

ಆಡಕಿಗೆ ನಾಗರತ್ನಾ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಅಂಬರಾಯ ಎಪ್ಪತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಗುರುಲಿಂಗಯ್ಯ ವಿಷಯ ಹೇಳಿದ. ಅಂಬರಾಯನ ಹೊಲಕ್ಕೆ ಹೋಗುವ ದಾರಿ ಪಶ್ಚಿಮದ ಬದುವಿನ ಗುಂಟ ಎಂದು ಪತ್ರದಲ್ಲಿದೆ. ತಾನು ಪೂರ್ವ ಎಂದು ಬರೆದಿದ್ದ. ಪೂರ್ವದಲ್ಲಿ ದಾರಿಯೇ ಇರಲಿಲ್ಲ. ದಾರಿಯಿಲ್ಲದ ಹೊಲವೆಂದು ಅಂಬರಾಯ ಅದನ್ನು ಪಕ್ಕದವರಿಗೇ ಬಂದ ಬೆಲೆಗೆ ಕೊಟ್ಟುಬಿಟ್ಟಿದ್ದ. ಈಗ ಅಲ್ಲಿ ಕಲ್ಲಿನ ಗಣಿ ತೋಡಿ, ಹೊಲವಿದ್ದಲ್ಲಿ ಮೂವತ್ತು ಅಡಿ ಆಳದ ಹೊಂಡವಿತ್ತು. ಬರುವಾಗ ಬಸ್ಸಿನಿಂದಲೇ ಅದು ಕಂಡಿತ್ತು.

ಅಂಬರಾಯ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ತುದಿ ಮುಟ್ಟಿದ ಮೇಲೆ ಕೇಳಿದ. "ಈಗ ಏನರೆ ಮಾಡಲಿಕ್ಕೆ ಬರ್ತದೇನು?"

"ಇಲ್ಲ. ವಕೀಲರಿಗಿ ಕೇಳೀನಿ. ಬರಂಗಿಲ್ಲ ಅಂದ್ರು."

"ಮತ್ತ ಯಾಕ ಹೇಳಾಕ ಬಂದ್ರಿ?"

"ನಿಮಗ ಗೊತ್ತಿರಬೇಕಂತ ಬಂದೆ."

"ನಿಮ್ಮ ಎದಿ ಹಗುರ ಆಗಲಂತ ಬಂದೀರಿ" ಎಂದ ಅಂಬರಾಯ. ದನಿ ಏರಿಸಲಿಲ್ಲ. "ಹೊಲಕ್ಕ ದಾರಿ ಇರಲಿಲ್ಲ, ಕೊಟ್ಟೆ, ಅಂತ ಇಷ್ಟು ದಿನ ಇದ್ದೆ. ಇನ್ನ ಮ್ಯಾಲೆ ದಾರಿ ಇತ್ತು ಅಂತ ಇರಬೇಕು. ನನಗ ಇದು ತಿಳೀದs ಇದ್ದಿದ್ರ ಚಲೋ ಇತ್ರಿ ಅಯ್ನೋರs." ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಕಡೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಊರ ಹೊರಗಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಂಡಹೆಂಡಿರು ಕುಳಿತರು. ಸೇಡಂ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ತೊಗರಿ ಹೊಲಗಳ ಮೇಲೆ ಬಿಸಿಲು ಬಿಳಿಚಿಕೊಂಡಿತ್ತು.

"ಅಂವ ಅಂದದ್ದು ಖರೆ ಅದ" ಎಂದ ಗುರುಲಿಂಗಯ್ಯ. "ಆದ್ರೂ ಎಲ್ಲಾ ಮುಗೀತು. ನಾಕು ಇದ್ದುವು, ನಾಕೂ ಆದುವು."

ನಾಗರತ್ನಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ ರಸ್ತೆಯನ್ನೇ ನೋಡುತ್ತ ಕೇಳಿದಳು.

"ಎರಡs ವರ್ಷದವು ಯಾಕ ನೋಡಿದ್ರಿ?"

"ಆವಾಗಿಂದಲ್ಲೇನು ಸುರು ಆಗಿದ್ದು."

"ನಿಮಗ ಗೊತ್ತಾಗಿದ್ದು ಆವಾಗ. ಅದಕ್ಕಿಂತ ಒಂದು ವರ್ಷ ಮೊದಲs ನೀವು ನನಗ ನಿಮ್ಮ ಅಕ್ಕನ ಹೆಸರು ಹಿಡದು ಕರೀತಿದ್ರಿ. ಒಂದು ಸರ್ತಿ ಅಲ್ಲ, ಭಾಳ ಸರ್ತಿ. ಕರದದ್ದು ನಿಮಗ ತಿಳೀತಿರಲಿಲ್ಲ. ನಾ ಓ ಅಂತಿದ್ದೆ. ಹೇಳಿದ್ರ ನೊಂದ್ಕೋತೀರಿ ಅಂತ ಹೇಳಲಿಲ್ಲ."

ಗುರುಲಿಂಗಯ್ಯ ಅವಳ ಕಡೆ ತಿರುಗಿದ. ಸಿಟ್ಟಾಗಬೇಕೆನಿಸಿತು, ಆಗಲಿಲ್ಲ. ಅವಳು ಹೆಸರಲ್ಲದ ಹೆಸರಿಗೆ ಓಗೊಡುತ್ತ ಒಂದು ವರ್ಷ ಒಬ್ಬಳೇ ಇದನ್ನು ಹೊತ್ತಿದ್ದಳು. ಆ ವರ್ಷ ತಾನು ಎಷ್ಟು ಪತ್ರ ಓದಿರಬಹುದೆಂದು ಯೋಚಿಸಿದ. ಮೂವತ್ತು? ನಲವತ್ತು? ಅದಕ್ಕೂ ಹಿಂದಿನ ವರ್ಷ? ಎಲ್ಲಿಂದ ಸುರುವಾಯಿತೆಂದು ತನ್ನನ್ನು ಕೇಳಿದರೆ ತನಗೆ ತಿಳಿಯುವಂತಿರಲಿಲ್ಲ. ಹೇಳಬಲ್ಲವಳು ಇವಳೊಬ್ಬಳೇ.

"ಮತ್ತೇನೇನು ಅಂದೀನಿ?" ಎಂದು ಕೇಳಿದ. "ಮುಚ್ಚಿಡಬ್ಯಾಡ. ಮೊದಲಿಂದ ಹೇಳು."

ಅವಳು ಹೇಳತೊಡಗಿದಳು. ಬಸ್ಸು ಬಂದಾಗಲೂ ಮುಗಿದಿರಲಿಲ್ಲ. ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ ಗುರುಲಿಂಗಯ್ಯ ಹೆಂಡತಿಯ ಮುಖ ನೋಡಿದ. ಅವಳು "ಸೇಡಂ, ಎರಡು" ಎಂದಳು. ಕುಳಿತ ಮೇಲೆ ಅವನು ಮೆಲ್ಲಗೆ, ಮೊದಲು ತನ್ನೊಳಗೆ ಒಂದು ಸಲ ನೋಡಿಕೊಂಡು, ಬರುವ ಭಾನುವಾರ ಅದಕ್ಕೂ ಹಿಂದಿನ ಕಟ್ಟು ಬಿಚ್ಚಬೇಕು, ರುಕ್ಸಾರ್‌ಗೆ ಇವತ್ತೇ ಫೋನ್ ಮಾಡು ಎಂದ. ಹೇಳಿದ್ದು ಸರಿಯಾಗಿ ಬಂತೇ ಎಂದು ಕೇಳಿದ. ಬಂತು ಎಂದು ನಾಗರತ್ನಾ ತಲೆಯಾಡಿಸಿದಳು.